ಕೀಲೆಣ್ಣೆಯಿಂದ ಬಾಲ್ ಜಾಯಿಂಟ್‌ವರೆಗೆ

ಪಿಕಪ್ ಇಟ್ಟುಕೊಂಡಿರೋ ನಮ್ಮ ಸುತ್ತಿನ ರೈತರೆಲ್ಲರ ದೂರೂ ಒಂದೇ: "ಇಂಜಿನ್ ಚೆನ್ನಾಗೇ ಇದೆ, ಮುಂದಿನ ಕೆಲಸವೇ ಪದೇ ಪದೇ ಬರುತ್ತೆ." ಬಾಲ್ ಜಾಯಿಂಟು, ಟೈ ರಾಡ್ ಎಂಡು, ಬುಶ್ಶು. ಇದು ಯಾಕೆ ಹೀಗೆ ಅಂತ ತಿಳೀಬೇಕಾದರೆ ಎತ್ತಿನ ಗಾಡಿಯಿಂದ ಶುರು ಮಾಡಬೇಕು.

ಎತ್ತಿನ ಗಾಡಿಗೆ ಎರಡೇ ಚಕ್ರ. ತಿರುಗಿಸೋದು ಎತ್ತುಗಳ ಕೆಲಸ, ಗಾಡಿಗೆ ಸ್ಟೇರಿಂಗಿನ ಹಂಗೇ ಇಲ್ಲ. ಸವೆಯೋದು ಅಚ್ಚು ಚಕ್ರದೊಳಗೆ ಕೂರುವ ಜಾಗ. ಅಲ್ಲಿಗೆ ಕೀಲೆಣ್ಣೆ ಹಾಕಿ, ಕಡಾಣಿ ಭದ್ರವಾಗಿದೆಯಾ ನೋಡಿಕೊಂಡರೆ ಆಯ್ತು. ಎಣ್ಣೆ ಆರಿದರೆ ಗಾಡಿಯೇ ಕೂಗಿ ಹೇಳ್ತಿತ್ತು.

ತಾಪತ್ರಯ ಶುರುವಾಗಿದ್ದು ನಾಲ್ಕು ಚಕ್ರದಿಂದ. ಯುರೋಪಿನ ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗ್ತಿತ್ತು. ಬಿರುಸಾಗಿ ತಿರುಗಿಸಿದರೆ ಮಗುಚೋ ಭಯ. 1817ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಗಾಡಿ ಕಟ್ಟುತ್ತಿದ್ದ ಲಾಂಕೆನ್‌ಸ್ಪೆರ್ಗರ್ ಅನ್ನೋರು ಅಚ್ಚನ್ನು ಅಲ್ಲಾಡದ ಹಾಗೆ ಇಟ್ಟು, ಅದರ ಎರಡು ತುದಿಯಲ್ಲಿ ಒಂದೊಂದು ಚಕ್ರಕ್ಕೂ ಅದರದ್ದೇ ಕೀಲು ಕೊಟ್ಟರು. 1818ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಮಾಡಿಸಿದ್ದು ಅವರ ಏಜೆಂಟ್ ಅಕರ್‌ಮನ್. ಹೆಸರೂ ಏಜೆಂಟರದ್ದೇ ಉಳೀತು. ಮಂಡಿ ವ್ಯವಹಾರ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ.

ಆ ಕೀಲೇ ಮುಂದೆ ಕಿಂಗ್ ಪಿನ್ ಆಯ್ತು. ಉಕ್ಕಿನ ಪಿನ್ನು, ಸುತ್ತ ಕಂಚಿನ ಬುಶ್ಶು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇದೇ ಲೆಕ್ಕ. ಎಣ್ಣೆ, ಗ್ರೀಸ್ ಹಾಕೋದು ಓಡಿಸುವವನ ದಿನದ ಕೆಲಸ. 1929ರಲ್ಲಿ ಆಸ್ಕರ್ ಜರ್ಕ್ ಪೇಟೆಂಟ್ ಪಡೆದ ಗ್ರೀಸ್ ನಿಪ್ಪಲ್ ಬಂದಮೇಲೆ ಗನ್ ಒತ್ತಿದರೆ ಸಾಕು, ಹಳೇ ಕೊಳೆ ಹೊರಗೆ, ಹೊಸ ಗ್ರೀಸ್ ಒಳಗೆ. ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯಲ್ಲಿ ರೈತನಿಗೆ ಹೆಚ್ಚು ಉಪಕಾರ ಮಾಡಿದ್ದು ಆ ಚಿಕ್ಕ ನಿಪ್ಪಲ್ಲು.

ನಮ್ಮ ದೇಶದಲ್ಲಿ 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ರು. ಮುಂದೆಯೂ ಇಡೀ ಆಕ್ಸಲ್, ಎರಡೂ ಕಡೆ ಕಮಾನ್ ಪಟ್ಟಿ. ಚಕ್ರದ ಕೀಲಿಗೆ ಮೇಲೊಂದು ಕೆಳಗೊಂದು ಬೇರಿಂಗ್. ಆಟ ಬಂದರೆ ಒಂದು ಶಿಮ್ ತೆಗೆದು ಬಿಗಿ ಮಾಡಬಹುದಿತ್ತು. ಮೈ ಕುಲುಕ್ತಿತ್ತು ನಿಜ, ಆದರೆ ಮರದ ಕೆಳಗೆ ನಿಲ್ಲಿಸಿ ರಿಪೇರಿ ಮಾಡೋ ಗಾಡಿ ಅದು.

ಕುಲುಕಾಟ ಬೇಡ ಅನ್ನೋ ಆಸೆಯಿಂದಲೇ ಮುಂದಿನ ಬದಲಾವಣೆ. ಅಮೆರಿಕದಲ್ಲಿ 1952ರ ಲಿಂಕನ್ ಕಾರಿಗೆ ಕಿಂಗ್ ಪಿನ್ ಬದಲು ಬಾಲ್ ಜಾಯಿಂಟ್ ಬಂತು. ಹೊರೆ ಹೊರುವ ಪಿಕಪ್‌ಗಳು ಬೇಗ ಒಪ್ಪಲಿಲ್ಲ. ಫೋರ್ಡ್‌ನವರು 1965ರಲ್ಲಿ ಚಕ್ರಕ್ಕೊಂದರಂತೆ ಎರಡು ಉಕ್ಕಿನ ತೊಲೆ ಅಡ್ಡಡ್ಡ ಇಟ್ಟು, ಕಾಯಿಲ್ ಸ್ಪ್ರಿಂಗ್ ಕೊಟ್ಟರೂ ಕಿಂಗ್ ಪಿನ್ ಬಿಡಲಿಲ್ಲ. ಸ್ಪ್ರಿಂಗ್ ಕುಸಿದರೆ ಚಕ್ರ ವಾಲಿ ಟೈರಿನ ಒಂದೇ ಅಂಚು ಸವೀತಿತ್ತು. ಅದನ್ನ ನೆಟ್ಟಗೆ ಮಾಡೋಕೆ ತೊಲೆಯನ್ನೇ ಬಗ್ಗಿಸ್ತಿದ್ರು!

ಈಗಿನ ಬಾಲ್ ಜಾಯಿಂಟ್ ಬಹುಪಾಲು ಸೀಲ್ ಆಗಿರುತ್ತೆ, ನಿಪ್ಪಲ್ ಇಲ್ಲ. ರಬ್ಬರ್ ಬೂಟ್ ಹರಿದರೆ ಕೆಸರು, ಮರಳು ಒಳಗೆ ಹೋಗಿ ಅರೆಯುತ್ತೆ. ಗಾಡಿ ಕೂಗೋದೂ ಇಲ್ಲ, ಕೂಗಿದರೆ ಕಾಲ ಮಿಂಚಿರುತ್ತೆ. ಗುಂಡು ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಮುಗ್ಗರಿಸುತ್ತೆ. ಹಿಂದೆ ಲೋಡು, ಪಕ್ಕದಲ್ಲಿ ಮಗ ಕೂತಿರ್ತಾನೆ.

ಅದಕ್ಕೇ ನಾನು ಪ್ರತಿ ಟೊಮೇಟೊ ಸೀಸನ್ ಮುಂಚೆ ಜಾಕಿ ಏರಿಸಿ ನೋಡ್ತೀನಿ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜಾಕಿ ಆ ಆರ್ಮ್ ಕೆಳಗೇ, ಚಕ್ರದ ಹತ್ತಿರ ಇರಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಒತ್ತಡದಲ್ಲಿ ಆಟ ಗೊತ್ತಾಗಲ್ಲ. ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಿಸಿ, ಆಮೇಲೆ ಎಡ ಬಲ. ಎಡ ಬಲ ಮಾತ್ರ ಆಟ ಇದ್ದರೆ ಮೊದಲು ಟೈ ರಾಡ್ ಎಂಡ್ ನೋಡಿ. ಮೇಲೆ ಕೆಳಗೆ ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಟ ನಿಂತರೆ ಅದು ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಈ ಒಂದು ಪರೀಕ್ಷೆ ಮಾಡದೆ ಒಂದು ಗ್ಯಾರೇಜಿನವರು ನನ್ನ ಸರೀ ಇದ್ದ ಬೇರಿಂಗ್ ಬದಲಿಸಿ ದುಡ್ಡು ಇಸ್ಕೊಂಡಿದ್ರು.

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿಸಿ. ಅದು ಅಲೈನ್‌ಮೆಂಟ್ ಅಂಗಡಿವರೆಗೆ ಗಾಡಿ ನೆಟ್ಟಗೆ ಹೋಗೋಕೆ ಮಾತ್ರ. ಅಲೈನ್‌ಮೆಂಟ್ ಆಗೋವರೆಗೂ ಲೋಡ್ ಹಾಕಬೇಡಿ.