ಅಮೋನಿಯಾ ತಿನ್ನುವ ಕೆಂಪು ಸೂಕ್ಷ್ಮಾಣು

ಕೊಳಚೆ ನೀರಿನ ಅಮೋನಿಯಾ ನೈಟ್ರೇಟ್ ಆಗುವುದು ಜೀವಿಗಳಿಂದ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1877ರಲ್ಲಿ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯೊಳಗೆ ಕೊಳಚೆ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಸುಮಾರು ಇಪ್ಪತ್ತು ದಿನ ಅಮೋನಿಯಾ ಹಾಗೇ ಹೊರಬಂತು. ಆಮೇಲೆ ಅದರ ಬದಲು ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಎಲ್ಲವೂ ನಿಂತುಹೋಯಿತು.

ಇಪ್ಪತ್ತನೆಯ ಶತಮಾನದ ಶುದ್ಧೀಕರಣ ಘಟಕಗಳು ಈ ಅರಿವಿನ ಮೇಲೆಯೇ ನಿಂತವು. ಒಂದು ಬಗೆಯ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಮೂರನೆಯ ಗುಂಪು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಬಿಟ್ಟುಬಿಡುತ್ತದೆ. ಗಾಳಿ ಊದಲು ವಿದ್ಯುತ್ ಬೇಕು, ಕೊನೆಯ ಹಂತಕ್ಕೆ ಇಂಗಾಲದ ಆಹಾರ ಬೇಕು. ಅಮೋನಿಯಾ ಹೆಚ್ಚಿದ್ದು ಇಂಗಾಲ ಕಡಿಮೆಯಿರುವ ನೀರಿಗೆ ಮೆಥನಾಲ್‌ನಂಥದ್ದನ್ನು ಹೊರಗಿನಿಂದ ಸುರಿಯಬೇಕಾಗುತ್ತಿತ್ತು.

ಆಮ್ಲಜನಕವಿಲ್ಲದೆಯೇ ಅಮೋನಿಯಾವನ್ನು ಉತ್ಕರ್ಷಿಸಿ ಬದುಕುವ ಜೀವಿ ಇರಲೇಬೇಕೆಂದು ವಿಯೆನ್ನಾದ ಎಂಗೆಲ್‌ಬರ್ಟ್ ಬ್ರೋಡಾ 1977ರಲ್ಲಿ ಶಕ್ತಿಯ ಲೆಕ್ಕದಿಂದಲೇ ಹೇಳಿದ್ದರು. ಅದು ಸಿಕ್ಕಿದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ, ಯೀಸ್ಟ್ ತಯಾರಿಸುವ ಕಂಪನಿಯೊಂದರ ತ್ಯಾಜ್ಯ ನೀರಿನಲ್ಲಿ. ಗಾಳಿಯಿಲ್ಲದ ರಿಯಾಕ್ಟರಿನಲ್ಲಿ ನೈಟ್ರೇಟ್ ಜೊತೆಗೆ ಅಮೋನಿಯಾವೂ ಮಾಯವಾಗುತ್ತಿರುವುದನ್ನು ಆರ್ನಾಲ್ಡ್ ಮುಲ್ಡರ್ ಗಮನಿಸಿದರು. ಲೆಕ್ಕ ತಾಳೆಯಾಗದಿದ್ದುದನ್ನು ಅಳತೆಯ ದೋಷವೆಂದು ಅವರು ತಳ್ಳಿಹಾಕದಿದ್ದುದೇ ದೊಡ್ಡದು. ಆ ವರದಿ 1995ರಲ್ಲಿ ಪ್ರಕಟವಾಯಿತು. ಪ್ರಕ್ರಿಯೆಗೆ ಅನಾಮಾಕ್ಸ್ ಎಂದು ಹೆಸರಾಯಿತು. ಈ ಜೀವಿ ಅಮೋನಿಯಾ ಮತ್ತು ನೈಟ್ರೈಟನ್ನು ಸೇರಿಸಿ ಸಾರಜನಕ ಅನಿಲ ಮಾಡುತ್ತದೆ. ನಡುವೆ ಹುಟ್ಟುವುದು ರಾಕೆಟ್ ಇಂಧನವಾಗಿ ಬಳಸುವ ಹೈಡ್ರಜೀನ್.

ಅದನ್ನು ಬೆಳೆಸುವುದೇ ಕಷ್ಟವಾಯಿತು. ಒಂದು ಕೋಶ ಎರಡಾಗಲು ಸುಮಾರು 11 ದಿನ. ಅಷ್ಟರೊಳಗೆ ನೀರಿನ ಜೊತೆ ಕೊಚ್ಚಿಹೋಗದಂತೆ ಕಾಪಾಡಬೇಕು. ಮಾರ್ಕ್ ಸ್ಟ್ರೌಸ್ ಮತ್ತು ಸಂಗಡಿಗರು ಕೆಂಪು ರಾಡಿಯಿಂದ ಅದನ್ನು ಬೇರ್ಪಡಿಸಿ, 1999ರಲ್ಲಿ ಪ್ಲಾಂಕ್ಟೊಮೈಸೀಟ್ ಎಂಬ ಬ್ಯಾಕ್ಟೀರಿಯಾ ಗುಂಪಿಗೆ ಸೇರಿದ್ದೆಂದು ತೋರಿಸಿದರು.

ರಾಟರ್‌ಡ್ಯಾಮ್‌ನ ಡೋಖಾವೆನ್ ಘಟಕದಲ್ಲಿ 2002ರಲ್ಲಿ 70 ಘನ ಮೀಟರಿನ ಮೊದಲ ಪೂರ್ಣ ಪ್ರಮಾಣದ ರಿಯಾಕ್ಟರ್ ಶುರುವಾಯಿತು. ನಡುವಿನ ಪ್ರಾಯೋಗಿಕ ಹಂತವಿಲ್ಲದೆ ಪ್ರಯೋಗಾಲಯದಿಂದ ನೇರವಾಗಿ ಅಲ್ಲಿಗೆ ಹಾರಿದ್ದರಿಂದ, ಎರಡು ವರ್ಷವೆಂದುಕೊಂಡ ಕೆಲಸ ಸುಮಾರು ಮೂರೂವರೆ ವರ್ಷ ಹಿಡಿಯಿತು. ಮುಂದೆ ಹಲವೆಡೆ ಅಮೋನಿಯಾದ ಒಂದು ಪಾಲನ್ನು ನೈಟ್ರೈಟ್ ಮಾಡುವ ಹಂತ, ಅನಾಮಾಕ್ಸ್ ಹಂತ ಎರಡನ್ನೂ ಒಂದೇ ತೊಟ್ಟಿಗೆ ತಂದರು: ಸಾಸಿವೆ ಕಾಳಿನಷ್ಟು ಉಂಡೆಗಳ ಹೊರಪದರದಲ್ಲಿ ಆಮ್ಲಜನಕ ಬಳಸುವವು, ಒಳಗೆ ಅನಾಮಾಕ್ಸ್. ಇದಕ್ಕೆ ಗಾಳಿ ಹಳೆಯ ವಿಧಾನಕ್ಕಿಂತ ಸುಮಾರು 60 ಪ್ರತಿಶತ ಕಡಿಮೆ ಸಾಕು, ಮೆಥನಾಲ್ ಬೇಡ. ಸಾರಜನಕದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ನೈಟ್ರೇಟ್ ಆಗಿ ಉಳಿಯುತ್ತದೆ. ಬೆಳೆದ ರಿಯಾಕ್ಟರಿನ ಕೆಂಪು ರಾಡಿಯನ್ನು ಹೆಪ್ಪಾಗಿ ಹಾಕುವ ರೂಢಿ ಬಂದಮೇಲೆ ಹೊಸ ಘಟಕಗಳು ಬೇಗ ಕೆಲಸಕ್ಕೆ ಬಂದವು.