ಕೋರವಂಗಲದ ಸೂರ್ಯನೂ ಗ್ರಹಗತಿಯೂ

ಹಾಸನದಿಂದ ದುದ್ದದತ್ತ ಸಾಗುವ ದಾರಿಗೆ ಸಮೀಪವಾದ ಕೋರವಂಗಲದಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸ್ಮರಣಾರ್ಥವಾಗಿ 1173ರಲ್ಲಿ ಬೂಚಿರಾಜನು ಕಟ್ಟಿಸಿದ ಬೂಚೇಶ್ವರ ದೇವಾಲಯದೊಳಗೆ, ಶಿವನಿಗೆ ಅಭಿಮುಖವಾಗಿ ಸೂರ್ಯನಿಗೂ ಒಂದು ಗರ್ಭಗೃಹವುಂಟು. ಆ ಕಾಲದ ಜ್ಯೋತಿಷಿಗಳ ಗಣಿತದಲ್ಲಾದರೋ ಸೂರ್ಯನು ಏಳು ಗ್ರಹಗಳಲ್ಲಿ ಒಬ್ಬನು ಮಾತ್ರ. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಭೂಮಿಯು ನಡುವೆ ನಿಶ್ಚಲವಾಗಿದ್ದು, ಚಂದ್ರ, ಬುಧ, ಶುಕ್ರರಿಗಿಂತ ಆಚೆ ರವಿಯೂ, ಅವನಿಂದಾಚೆ ಕುಜ, ಗುರು, ಶನಿಗಳೂ ಸಂಚರಿಸುತ್ತಿದ್ದರು. ಗ್ರಹಣವು ಛಾಯೆಯ ಪರಿಣಾಮವೆಂಬುದನ್ನು ಆರ್ಯಭಟನು 499ರಲ್ಲಿಯೇ ಹೇಳಿದ್ದನು; ಭೂಮಿಯೇ ದಿನವೂ ತಿರುಗುವುದೆಂದು ಅವನು ನುಡಿದುದನ್ನು ಮಾತ್ರ ಉತ್ತರಕಾಲದ ಪಂಡಿತರು ಬಹುಮಟ್ಟಿಗೆ ಒಪ್ಪಲಿಲ್ಲ. ಹೊಯ್ಸಳರ ಶಾಸನಗಳಲ್ಲಿ ಗ್ರಹಣ, ಸಂಕ್ರಮಣಗಳಂದು ಭೂಮಿಯನ್ನು ದತ್ತಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಛಾಯೆಯನ್ನು ಗಣಿಸಬಲ್ಲವರೇ ಆ ಪುಣ್ಯಕಾಲವನ್ನೂ ನಿರ್ಣಯಿಸಿದುದನ್ನು ವೈರುಧ್ಯವೆಂದು ನಾನು ಎಣಿಸಲಾರೆ.

1543ರಲ್ಲಿ ಕೊಪರ್ನಿಕಸನ ಗ್ರಂಥವು ಸೂರ್ಯನನ್ನು ಕೇಂದ್ರದಲ್ಲಿರಿಸಿತು; 1610ರಲ್ಲಿ ಗೆಲಿಲಿಯೊ ದೂರದರ್ಶಕದ ಮೂಲಕ ಶುಕ್ರನ ವೃದ್ಧಿಕ್ಷಯಗಳನ್ನು ಕಂಡು, ಅದು ಸೂರ್ಯನನ್ನೇ ಸುತ್ತುವುದೆಂದು ನಿಶ್ಚಯಿಸಿದನು. ಇತ್ತ ಅದೇ ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಚಲಿಸುವ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಆ ಉಪಗ್ರಹಗಳ ಮಟ್ಟಿಗಂತೂ ಕೇಂದ್ರವು ಭೂಮಿಯೇ.