ನಮ್ಮೂರ ಓಸಿ

ನೀನಾಸಂ ನಾಟಕಶಾಲೆ ಶುರುವಾದದ್ದು 1980ರಲ್ಲಿ. ಅದಾಗಿ ಒಂದೆರಡು ವರ್ಷಕ್ಕೆ, ಹೆಗ್ಗೋಡಿನ ನಮ್ಮ ಚಾದಂಗಡಿಗೆ ಆ ಶಾಲೆಯ ಮೈಸೂರು ಕಡೆಯ ಹುಡುಗನೊಬ್ಬ ಬಂದ. ಅವನ ಚಾಕ್ಕೆ ಗೆಳೆಯ ದುಡ್ಡು ಕೊಟ್ಟ. "ನಂಗೆ ಇವತ್ತು ಓಸಿ" ಎಂದು ಹುಡುಗ ನಕ್ಕ. ಅಪ್ಪಯ್ಯನ ಮುಖ ಕಪ್ಪಿಟ್ಟಿತು. "ಎಂತಕ್ಕೆ ತಮಾ ಆ ಹಾಳು ಚಟ? ಓದ್ಲಿಕ್ಕೆ ಬಂದವ ನೀನು" ಎಂದರು.

ಅವನ ಊರಲ್ಲಿ ಓಸಿ ಎಂದರೆ ಬಿಟ್ಟಿ. ನಮ್ಮ ಸಾಗರ ಸೀಮೆಯಲ್ಲಿ ಓಸಿ ಎಂದರೆ ಮಟ್ಕಾ.

ಬಿಟ್ಟಿ ಎಂಬ ಅರ್ಥದ ಓಸಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಲಕೋಟೆಗೆ ಜೋಡಿಸುವುದು ರೂಢಿ. 'ಆನ್ ಕಂಪನೀಸ್ ಸರ್ವಿಸ್' ಎಂದು ಬರೆದ ಕಾಗದಕ್ಕೆ ಅಂಚೆಯ ದುಡ್ಡು ಬೇಕಿರಲಿಲ್ಲ, ಆ ಓ.ಸಿ.ಎಸ್. ಸವೆದು ಓಸಿ ಆಯಿತಂತೆ. ತಮಿಳರೂ ಇದೇ ಅರ್ಥದಲ್ಲಿ ಆಡುತ್ತಾರೆ. ಕಂಪನಿಯ ಆಳ್ವಿಕೆ 1858ಕ್ಕೆ ಮುಗಿದರೂ ಮಾತು ಉಳಿಯಿತು.

ನಮ್ಮ ಓಸಿ ಬೇರೆಯೇ ಇಂಗ್ಲಿಷು: ಓಪನ್, ಕ್ಲೋಸ್. ನ್ಯೂಯಾರ್ಕಿನ ಹತ್ತಿ ಪೇಟೆ ಯಾವ ದರಕ್ಕೆ ತೆರೆಯಿತು, ಯಾವ ದರಕ್ಕೆ ಮುಚ್ಚಿತು ಎಂಬ ಅಂಕಿ ಮುಂಬೈಗೆ ಟೆಲಿಪ್ರಿಂಟರಿನಲ್ಲಿ ಬರುತ್ತಿತ್ತು, ಜನ ಅದರ ಮೇಲೆ ಬಾಜಿ ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬವರು ಮುಂಬೈಯಲ್ಲೇ ಅಂಕಿ ತೆಗೆಯಲು ಕೂತರು. ಚೀಟಿಗಳನ್ನು ಹಾಕಿ ಎತ್ತುತ್ತಿದ್ದ ಮಡಕೆಯೇ ಮಟ್ಕಾ. ಆಮೇಲೆ ಇಸ್ಪೀಟೆಲೆ ಬಂತು. ಮೂರು ಎಲೆ ಎತ್ತಿ ಕೂಡಿಸಬೇಕು: 2, 5, 9 ಬಂದರೆ ಮೊತ್ತ 16, ಅದರ ಕೊನೆಯ 6 ಓಪನ್. ಮತ್ತೆ ಮೂರು ಎಲೆ ಎತ್ತಿದರೆ ಕ್ಲೋಸ್. ಎರಡೂ ಸೇರಿದರೆ ಜೋಡಿ. ಜೋಡಿ ಕಟ್ಟಿದವನಿಗೆ ನೂರರಲ್ಲಿ ಒಂದೇ ದಾರಿ, ಸೋಲಲು ತೊಂಬತ್ತೊಂಬತ್ತು. ಈ ಲೆಕ್ಕ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ನನ್ನ ಚಿಕ್ಕಪ್ಪನಿಗೆ ಗೊತ್ತಾಗಲಿಲ್ಲ.

ಕೊನೆಕೊಯ್ಲು ಮುಗಿದು ಸಾಗರದ ಮಂಡಿಯಿಂದ ಅಡಿಕೆ ದುಡ್ಡು ಕೈಗೆ ಬಂದ ವಾರವೇ ಓಸಿ ಬರೆಯುವವನು ಅಂಗಡಿ ಜಗಲಿಗೆ ಬಂದು ಕೂರುತ್ತಿದ್ದ. ಕನಸಿನಲ್ಲಿ ಹಾವು ಕಂಡರೆ ಒಂದು ನಂಬರು, ಹೆಣ ಕಂಡರೆ ಇನ್ನೊಂದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಡಿ ಇದು ಅಪರಾಧ. ಇವತ್ತಿಗೂ ನಮ್ಮ ಜಿಲ್ಲೆಯ ಪೇಪರಿನಲ್ಲಿ 'ಓಸಿ ಬರೆಯುತ್ತಿದ್ದವನ ಬಂಧನ' ಎಂಬ ಸುದ್ದಿ ಬರುತ್ತದೆ. ಹಾಗೆ ಸಿಕ್ಕಿಬೀಳುವವನು ಚೀಟಿ ಬರೆಯುವ ಬಡವ. ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ಅಪ್ಪಯ್ಯ ಆ ಹುಡುಗನಿಗೆ ಬೈದದ್ದು ಚಿಕ್ಕಪ್ಪ ಅಜ್ಜಿಯ ಅವಲಕ್ಕಿ ಸರವನ್ನು ಅಡವಿಟ್ಟ ವರ್ಷ. ಆ ವರ್ಷದ ಪಂಚಾಂಗ ಇನ್ನೂ ನನ್ನ ಹತ್ತಿರ ಇದೆ. ತಿಥಿ ನಕ್ಷತ್ರಗಳ ಪಕ್ಕ, ಪುಟ ಪುಟಕ್ಕೂ, ಚಿಕ್ಕಪ್ಪನ ಪೆನ್ಸಿಲಿನ ಜೋಡಿ ಅಂಕಿಗಳು. ಯಾವುದಕ್ಕೂ ಗೆದ್ದ ಗುರುತಿಲ್ಲ.